ಕಂಪ್ಯೂಟರಿಗೆ ಹೆಡ್‌ಫೋನ್ ಆಂಪ್ಲಿಫೈಯರ್

ಹೆಡ್‌ಫೋನ್ ಆಂಪ್ಲಿಫೈಯರ್: ಕಂಪ್ಯೂಟರಿನಿಂದ ಹೊರಡುವ ಕ್ಷೀಣ ಶ್ರವ್ಯ ಸಂಕೇತವನ್ನು, ಹೆಡ್‌ಫೋನಿನ ಪೊರೆ ಅಲುಗಲು ಬೇಕಾಗುವಷ್ಟು ವೋಲ್ಟೇಜಿಗೂ ವಿದ್ಯುತ್ ಪ್ರವಾಹಕ್ಕೂ ಏರಿಸಿ ಕೊಡುವ ಸಾಧನ. ಬಳಕೆಯ ಮಾತಿನಲ್ಲಿ ಬರೀ ಆಂಪ್. ತತ್ತ್ವದಲ್ಲಿ ಇದಕ್ಕೂ ಸ್ಪೀಕರ್ ಆಂಪ್ಲಿಫೈಯರಿಗೂ ಭೇದವಿಲ್ಲ, ಪ್ರಮಾಣದಲ್ಲಿ ಮಾತ್ರ ಇದೆ: ಅಲ್ಲಿ ಹತ್ತಾರು ವ್ಯಾಟ್, ಇಲ್ಲಿ ಬಹುಪಾಲು ಮಿಲಿವ್ಯಾಟ್. 3.5 ಮಿಲಿಮೀಟರ್ ಜಾಕ್ ಇರುವ ಪ್ರತಿಯೊಂದು ಲ್ಯಾಪ್‌ಟಾಪಿನಲ್ಲೂ ಇಂಥ ಆಂಪ್ ಒಂದು ಚಿಪ್ಪಿನ ಮೂಲೆಯಲ್ಲಿ ಆಗಲೇ ಕೂತಿರುತ್ತದೆ. ಆದ್ದರಿಂದ ಅಂಗಡಿಗೆ ಹೋಗುವವರು ನಿಜಕ್ಕೂ ಕೊಳ್ಳುವುದು ಎರಡನೆಯ ಆಂಪ್.

ಎರಡನೆಯದು ಬೇಕಾಗಲು ಗಟ್ಟಿಯಾದ ಕಾರಣಗಳು ಮೂರು. ಒಳಗಿನ ಆಂಪ್ ಕೊಡುವ ವೋಲ್ಟೇಜ್ ಅಥವಾ ಪ್ರವಾಹ ಸಾಲದಿರಬಹುದು. ಅದರ ಇಂಪೀಡೆನ್ಸ್, ಎಂದರೆ ಪ್ರವಾಹಕ್ಕೆ ಒಡ್ಡುವ ತಡೆ, ಹೆಡ್‌ಫೋನಿಗೆ ಹೊಂದದೆ ಸ್ವರದ ಸಮತೋಲ ಕೆಡಬಹುದು. ಇಲ್ಲವೆ ಕಂಪ್ಯೂಟರಿನ ಹೊಟ್ಟೆಯೊಳಗಿನ ಗದ್ದಲ ಸಂಗೀತದ ಜೊತೆಗೇ ಕಿವಿಗೆ ಬೀಳುತ್ತಿರಬಹುದು. ಮೂರನ್ನೂ ಅಳೆಯಬಹುದು, ಇಲ್ಲವೆ ಲೆಕ್ಕ ಹಾಕಿ ತಿಳಿಯಬಹುದು. ಈ ಮೂರರಲ್ಲಿ ಯಾವುದೂ ಇಲ್ಲದವರು ಆಂಪಿಗೆ ಮೀಸಲಿಟ್ಟ ದುಡ್ಡನ್ನು ಇನ್ನೂ ಒಳ್ಳೆಯ ಹೆಡ್‌ಫೋನಿಗೆ ಹಾಕುವುದು ಲೇಸು. ಕೇಳುವ ಧ್ವನಿಯನ್ನು ಹೆಡ್‌ಫೋನ್ ಬದಲಿಸುವಷ್ಟು ಆಂಪ್ ಬದಲಿಸಲಾರದು.

ಹಿನ್ನೆಲೆ

ಮೊದಲ ಹೆಡ್‌ಫೋನುಗಳಿಗೆ ಆಂಪ್ ಇರಲೇ ಇಲ್ಲ. ಅಮೆರಿಕದ ಯೂಟಾದ ನಥಾನಿಯಲ್ ಬಾಲ್ಡ್ವಿನ್ 1910ರ ಸುಮಾರಿಗೆ ಮನೆಯಲ್ಲೇ ತಯಾರಿಸಿ ಅಲ್ಲಿನ ನೌಕಾಪಡೆಗೆ ಮಾರಿದ ಜೋಡಿ ಕಿವಿಯಂತ್ರ, ರೇಡಿಯೋ ಗ್ರಾಹಕದಲ್ಲಿ ಸಿಕ್ಕಷ್ಟು ಸಂಕೇತದಲ್ಲೇ ನಡೆಯಬೇಕಾಗಿತ್ತು. ಇಂದಿನ ಬಗೆಯ ಡೈನಮಿಕ್ ಹೆಡ್‌ಫೋನ್, ಎಂದರೆ ಅಯಸ್ಕಾಂತದ ನಡುವೆ ತೂಗುವ ತಂತಿಸುರುಳಿ ಪೊರೆಯನ್ನು ತಳ್ಳುವ ಬಗೆ, 1937ರಲ್ಲಿ ಜರ್ಮನಿಯ ಬೇಯರ್‌ಡೈನಮಿಕ್ ಸಂಸ್ಥೆಯ ಡಿಟಿ 48ರಿಂದ ಮೊದಲಾಯಿತು. 1958ರಲ್ಲಿ ಮಿಲ್ವಾಕಿಯ ಜಾನ್ ಕಾಸ್ ಸ್ಟೀರಿಯೋ ಸಂಗೀತಕ್ಕಾಗಿ ಎಸ್‌ಪಿ/3 ತಂದ ಮೇಲೆ ಹೆಡ್‌ಫೋನ್ ಮನೆಯ ವಸ್ತುವಾಯಿತು.

ಆ ಕಾಲದ ಮನೆಗಳಲ್ಲಿ ಹೆಡ್‌ಫೋನ್ ಜಾಕ್ ಇರುತ್ತಿದ್ದುದು ದೊಡ್ಡ ಸ್ಪೀಕರ್ ಆಂಪ್ಲಿಫೈಯರಿನ ಮುಖದ ಮೇಲೆ. ಸ್ಪೀಕರಿಗೆ ಹೋಗುವ ಶಕ್ತಿಯನ್ನೇ ಒಂದು ರೆಸಿಸ್ಟರ್ ದಾಟಿಸಿ ಜಾಕಿಗೆ ಬಿಡುತ್ತಿದ್ದರು. ವೋಲ್ಟೇಜಿಗೆ ಅಲ್ಲಿ ಬರವಿರಲಿಲ್ಲ. ಹೀಗಾಗಿ ಹೆಡ್‌ಫೋನಿನ ಇಂಪೀಡೆನ್ಸ್ ಹೆಚ್ಚಿದ್ದರೂ ನಡೆಯುತ್ತಿತ್ತು: ಸೆನ್‌ಹೈಸರ್ 1968ರಲ್ಲಿ ಹೊರತಂದ ಎಚ್‌ಡಿ 414ರದು 2000 ಓಮ್. ಒಂದೇ ಸಾಲಿಗೆ ಹಲವು ಹೆಡ್‌ಫೋನ್ ಜೋಡಿಸುತ್ತಿದ್ದ ಸ್ಟುಡಿಯೋಗಳಿಗೂ ಹೆಚ್ಚು ಇಂಪೀಡೆನ್ಸೇ ಅನುಕೂಲ. ಸೋನಿಯ ವಾಕ್‌ಮನ್ 1979ರಲ್ಲಿ ಬಂದು ಈ ಏರ್ಪಾಟನ್ನು ತಲೆಕೆಳಗು ಮಾಡಿತು. ಎರಡು ಸಣ್ಣ ಸೆಲ್‌ಗಳ 3 ವೋಲ್ಟಿನಲ್ಲಿ ಸದ್ದು ಹುಟ್ಟಬೇಕಾದರೆ ಇಂಪೀಡೆನ್ಸ್ ಇಳಿಯಲೇಬೇಕು. ಅಲ್ಲಿಂದ ಹೆಡ್‌ಫೋನುಗಳಲ್ಲಿ ಎರಡು ಕುಲಗಳಾದವು: 250, 300, 600 ಓಮ್‌ಗಳ ಸ್ಟುಡಿಯೋ ಕುಲ, 16ರಿಂದ 32 ಓಮ್‌ಗಳ ಜೇಬಿನ ಕುಲ. ಬೇಯರ್‌ಡೈನಮಿಕ್ ತನ್ನ ಡಿಟಿ 880ನ್ನು 32, 250, 600 ಎಂದು ಮೂರು ಓಮ್‌ಗಳಲ್ಲಿ ಮಾಡಿ ಮಾರಿರುವುದು ಈ ಇತಿಹಾಸದ ಫಲ.

ಈ ಎರಡು ಕುಲಗಳೂ ಬಂದು ಸೇರಿದ್ದು ಕಂಪ್ಯೂಟರಿನ ಒಂದೇ ತೂತಿಗೆ. ಸಿಂಗಪುರದ ಕ್ರಿಯೇಟಿವ್ ಸಂಸ್ಥೆ 1989ರಲ್ಲಿ ಸೌಂಡ್ ಬ್ಲಾಸ್ಟರ್ ಕಾರ್ಡ್ ತಂದಾಗ ಕಂಪ್ಯೂಟರಿನ ಸದ್ದು ಆಟಗಳಿಗೆಂದೇ ಇತ್ತು. ತೊಂಬತ್ತರ ದಶಕದ ಸಿಡಿ ಡ್ರೈವುಗಳನ್ನು ಕಂಡವರಿಗೆ ಅವುಗಳ ಮುಖದ ಮೇಲಿದ್ದ ಪುಟ್ಟ ಜಾಕ್, ಪಕ್ಕದಲ್ಲಿದ್ದ ಬೆರಳಿನಿಂದ ತಿರುಗಿಸುವ ಚಕ್ರ ನೆನಪಿರಬಹುದು. ಅದೂ ಒಂದು ಹೆಡ್‌ಫೋನ್ ಆಂಪ್. ಇಂಟೆಲ್ 1997ರಲ್ಲಿ ಎಸಿ'97 ಮಾನಕವನ್ನೂ 2004ರಲ್ಲಿ ಹೈ ಡೆಫಿನಿಷನ್ ಆಡಿಯೋ ಮಾನಕವನ್ನೂ ರೂಪಿಸಿದ ಮೇಲೆ ಧ್ವನಿಯ ಕೆಲಸ ಪ್ರತ್ಯೇಕ ಕಾರ್ಡಿನಿಂದ ಮದರ್‌ಬೋರ್ಡಿನ ಒಂದು ಅಗ್ಗದ ಚಿಪ್ಪಿಗೆ ಇಳಿಯಿತು. ಕಂಪ್ಯೂಟರಿನ ಜಾಕ್ ಕಳಪೆ ಎಂಬ ಮಾತು ಹುಟ್ಟಿದ್ದು ಆ ವರ್ಷಗಳಲ್ಲಿ, ಆಗ ಅದು ಸುಳ್ಳೂ ಆಗಿರಲಿಲ್ಲ. ಚಿಪ್ಪುಗಳು ಆ ಬಳಿಕ ಬಹಳ ಸುಧಾರಿಸಿವೆ, ಮಾತು ಮಾತ್ರ ಹಾಗೇ ಉಳಿದಿದೆ. ಆಪಲ್‌ನ 2021ರ 14 ಮತ್ತು 16 ಇಂಚಿನ ಮ್ಯಾಕ್‌ಬುಕ್ ಪ್ರೋಗಳು ಸಿಕ್ಕಿಸಿದ ಹೆಡ್‌ಫೋನಿನ ಇಂಪೀಡೆನ್ಸನ್ನು ತಾವೇ ಅಳೆದು, 150 ಓಮ್‌ಗಿಂತ ಕಡಿಮೆಯಿದ್ದರೆ 1.25 ವೋಲ್ಟ್‌ವರೆಗೆ, ಅದಕ್ಕೆ ಮೇಲ್ಪಟ್ಟು 1000 ಓಮ್‌ವರೆಗಿದ್ದರೆ 3 ವೋಲ್ಟ್‌ವರೆಗೆ ಕೊಡುತ್ತವೆ. ಅಂಥ ಯಂತ್ರವಿರುವವರಲ್ಲಿ ಹೆಚ್ಚಿನವರಿಗೆ ಈ ಲೇಖನದ ಉಳಿದ ಭಾಗ ಕುತೂಹಲಕ್ಕಷ್ಟೇ.

ಹೆಡ್‌ಫೋನಿಗೆಂದೇ ಬೇರೆ ಆಂಪ್ ಎಂಬ ಮಾರುಕಟ್ಟೆ 1992ರಲ್ಲಿ ಅಮೆರಿಕದ ಮೊಂಟಾನಾ ರಾಜ್ಯದ ಬೋಜ್‌ಮನ್ ಊರಿನಲ್ಲಿ ಶುರುವಾದ ಹೆಡ್‌ರೂಮ್ ಕಂಪನಿಯಿಂದ ಬಲ ಪಡೆಯಿತು. ಅದೇ ದಶಕದ ಕೊನೆಗೆ ಚು ಮೋಯ್ ಎಂಬುವರು ಒಂದು ಸರಳ ನಕ್ಷೆ ಪ್ರಕಟಿಸಿದರು: ಆಪ್-ಆಂಪ್ ಚಿಪ್ಪು, ಬೆರಳೆಣಿಕೆಯ ರೆಸಿಸ್ಟರುಗಳು, 9 ವೋಲ್ಟಿನ ಬ್ಯಾಟರಿ. ಸಿಮೋಯ್ ಎಂದು ಹೆಸರಾದ ಈ ಆಂಪನ್ನು ಜಗತ್ತಿನಾದ್ಯಂತ ಹವ್ಯಾಸಿಗಳು ಪೆಪ್ಪರ್‌ಮಿಂಟಿನ ತಗಡಿನ ಡಬ್ಬಿಯಲ್ಲಿ ಕಟ್ಟಿಕೊಂಡರು. 2011ರಲ್ಲಿ ನ್ವಾವ್‌ಗೈ ಎಂಬ ಅಡ್ಡಹೆಸರಿನ ಅಜ್ಞಾತ ಎಂಜಿನಿಯರ್ ಒ2 ಎಂಬ ಆಂಪಿನ ನಕ್ಷೆಯನ್ನು ಅಳತೆಗಳ ಸಮೇತ ಎಲ್ಲರಿಗೂ ಬಿಟ್ಟುಕೊಟ್ಟ. ಅದರಲ್ಲಿದ್ದವು ಮಾಮೂಲಿ ಅಗ್ಗದ ಚಿಪ್ಪುಗಳೇ, ಆದರೂ ಅಳತೆಯಲ್ಲಿ ಅದು ಹಲವು ಪಟ್ಟು ಬೆಲೆಯ ಆಂಪುಗಳ ಸಮಕ್ಕೆ ನಿಂತಿತು. 2012ರಲ್ಲಿ ಅದಕ್ಕೆ ಜೊತೆಯಾಗಿ ಒಡ್ಯಾಕ್ ಎಂಬ, ಕಂಪ್ಯೂಟರಿನ ಅಂಕಿಗಳನ್ನು ವಿದ್ಯುತ್ ಸಂಕೇತವಾಗಿಸುವ ಪರಿವರ್ತಕವೂ ಬಂದಿತು. ಅದೇ ವರ್ಷ ಆತ ಸುದ್ದಿಯಿಲ್ಲದೆ ಮರೆಯಾದ. ಆತ ಯಾರೆಂದು ಗೊತ್ತಾಗಲಿಲ್ಲ, ಆದರೆ ಅಗ್ಗದ ಆಂಪ್ ಕೂಡ ಶುದ್ಧವಾಗಿರಬಹುದು ಎಂಬುದು ಅಲ್ಲಿಂದೀಚೆ ವಾದದ ವಿಷಯವಾಗಿ ಉಳಿಯಲಿಲ್ಲ. ಇಂದು ಚೀನಾದ ಫಿಯೋ, ಟಾಪಿಂಗ್, ಎಸ್‌ಎಂಎಸ್‌ಎಲ್, ಅಮೆರಿಕದ ಜೆಡಿಎಸ್ ಲ್ಯಾಬ್ಸ್, ಶೀಟ್ ಮುಂತಾದ ಕಂಪನಿಗಳು ನಡೆಯುತ್ತಿರುವುದು ಈ ನೆಲದ ಮೇಲೆ.

ಎಷ್ಟು ಬೇಕು ಎಂಬ ಲೆಕ್ಕ

ಲೆಕ್ಕ ಹೆಡ್‌ಫೋನಿನಿಂದ ಹೊರಡಬೇಕು. ಡಬ್ಬದ ಮೇಲೆ ಎರಡು ಸಂಖ್ಯೆಗಳಿರುತ್ತವೆ: ಇಂಪೀಡೆನ್ಸ್ ಮತ್ತು ಸಂವೇದನೆ. ಓಮ್ ಹೆಚ್ಚಿದ್ದರೆ ಆಂಪ್ ಬೇಕು, ಕಡಿಮೆಯಿದ್ದರೆ ಬೇಡ ಎಂಬುದು ಅಂಗಡಿಗಳಲ್ಲಿ ಕೇಳಿಬರುವ ಅರ್ಧಸತ್ಯ. ಎರಡನ್ನೂ ಕೂಡಿಸಿ ನೋಡದೆ ಏನೂ ಹೇಳಲಾಗದು.

ಸಂವೇದನೆಯನ್ನು ಕೆಲವರು 1 ಮಿಲಿವ್ಯಾಟ್ ಶಕ್ತಿಗೆ ಎಷ್ಟು ಡೆಸಿಬೆಲ್ ಎಂದು ಕೊಡುತ್ತಾರೆ, ಕೆಲವರು 1 ವೋಲ್ಟಿಗೆ ಎಷ್ಟು ಎಂದು. ಎರಡನ್ನೂ ಬೆರೆಸಿ ಹೋಲಿಸಿದರೆ ಎಡವಟ್ಟು. ಮಿಲಿವ್ಯಾಟಿನ ಸಂಖ್ಯೆಗೆ 16 ಓಮ್ ಇದ್ದರೆ 18, 32 ಓಮ್ ಇದ್ದರೆ 15, 50ಕ್ಕೆ 13, 250ಕ್ಕೆ 6, 300ಕ್ಕೆ 5, 600ಕ್ಕೆ 2 ಕೂಡಿಸಿದರೆ ವೋಲ್ಟಿನ ಸಂಖ್ಯೆ ಸಿಗುತ್ತದೆ. ಮುಂದಿನದು ಸುಲಭ: ವೋಲ್ಟೇಜ್ ಇಮ್ಮಡಿಯಾದಾಗಲೆಲ್ಲ 6 ಡೆಸಿಬೆಲ್ ಏರುತ್ತದೆ, ಹತ್ತು ಪಟ್ಟಾದರೆ 20.

ಗುರಿ ಎಷ್ಟಿರಬೇಕು? ನಾವು ಹಿತವಾಗಿ ಕೇಳುವ ಸರಾಸರಿ ಮಟ್ಟ 70ರಿಂದ 80 ಡೆಸಿಬೆಲ್ ಆಸುಪಾಸು. ಸಂಗೀತದ ಏರುಗಳು ಸರಾಸರಿಗಿಂತ ಬಹಳ ಮೇಲೆ ಹೋಗುತ್ತವೆ. ಒತ್ತಿ ಹಿಂಡಿ ಒಂದೇ ಮಟ್ಟಕ್ಕೆ ತಂದ ಇಂದಿನ ಸಿನಿಮಾ ಹಾಡುಗಳಲ್ಲಿ ಈ ಅಂತರ ಕಡಿಮೆ. ಚೆನ್ನಾಗಿ ಧ್ವನಿಮುದ್ರಿಸಿದ ಕಚೇರಿಯಲ್ಲಿ ತಂಬೂರಿಯ ಮೇಲೆ ಆಲಾಪನೆ ತೆಳುವಾಗಿ ಸಾಗುತ್ತಿದ್ದು, ತನಿ ಆವರ್ತನದಲ್ಲಿ ಮೃದಂಗದ ಪೆಟ್ಟು ಬಿದ್ದಾಗ ಅಂತರ 20 ಡೆಸಿಬೆಲ್ ದಾಟಬಹುದು. ಆದ್ದರಿಂದ ಏರುಗಳಿಗೆ 110 ಡೆಸಿಬೆಲ್ ಎಂದು ಇಟ್ಟುಕೊಂಡರೆ ಧಾರಾಳ.

ಸೆನ್‌ಹೈಸರ್ ಎಚ್‌ಡಿ 650ನ್ನು ನೋಡೋಣ: 300 ಓಮ್, 1 ವೋಲ್ಟಿಗೆ 103 ಡೆಸಿಬೆಲ್. 110 ಮುಟ್ಟಲು ಇನ್ನೂ 7 ಬೇಕು, ಎಂದರೆ ಸುಮಾರು 2.2 ವೋಲ್ಟ್. ಪ್ರವಾಹ ಬರೀ 7.5 ಮಿಲಿಆಂಪಿಯರ್, ಶಕ್ತಿ 17 ಮಿಲಿವ್ಯಾಟ್. ಡಿಟಿ 880ರ 600 ಓಮ್ ರೂಪಕ್ಕೆ, ಮಿಲಿವ್ಯಾಟಿಗೆ 96 ಡೆಸಿಬೆಲ್ ಎಂಬ ಅದರ ಸಂಖ್ಯೆಯಂತೆ, ಬೇಕಾದ್ದು ಹೆಚ್ಚುಕಡಿಮೆ 3.9 ವೋಲ್ಟ್. ಇನ್ನು ಹೈಫೈಮನ್ ಕಂಪನಿಯ ಎಚ್‌ಇ-6. ಇಂಪೀಡೆನ್ಸ್ 50 ಓಮ್ ಅಷ್ಟೆ, ಹೊಟ್ಟೆ ಮಾತ್ರ ಬಕಾಸುರನದು: ಮಿಲಿವ್ಯಾಟಿಗೆ 83.5 ಡೆಸಿಬೆಲ್. 110ಕ್ಕೆ 4.7 ವೋಲ್ಟ್, 95 ಮಿಲಿಆಂಪಿಯರ್, ಹತ್ತಿರ ಹತ್ತಿರ 450 ಮಿಲಿವ್ಯಾಟ್. ಓಮ್ ನೋಡಿ ಆಂಪ್ ಕೊಂಡವರು ಮುಗ್ಗರಿಸುವುದು ಇಲ್ಲಿ. ಇದಕ್ಕೆ ಎದುರಾಗಿ, ಮಿಲಿವ್ಯಾಟಿಗೆ 110 ಡೆಸಿಬೆಲ್ ಕೊಡುವ 32 ಓಮ್‌ನ ಸಾಮಾನ್ಯ ಇಯರ್‌ಫೋನಿಗೆ 0.18 ವೋಲ್ಟ್ ಸಾಕು. ಯಾವ ಲ್ಯಾಪ್‌ಟಾಪಿಗೂ ಇದು ಭಾರವಲ್ಲ.

ಬಹುತೇಕ ಲ್ಯಾಪ್‌ಟಾಪುಗಳ ಜಾಕಿನಲ್ಲಿ 1 ವೋಲ್ಟ್ ಆಸುಪಾಸು ಸಿಗುತ್ತದೆ. ಆಪಲ್ ಮಾರುವ ಬೆರಳುದ್ದದ ಯುಎಸ್‌ಬಿ-ಸಿ ಅಡಾಪ್ಟರಿನಲ್ಲೂ ಅಷ್ಟೇ; ಯುರೋಪಿನ ಮಾರುಕಟ್ಟೆಯ ರೂಪದಲ್ಲಿ ಅಲ್ಲಿನ ಧ್ವನಿಮಿತಿ ನಿಯಮಕ್ಕೆ ತಕ್ಕಂತೆ ಅದರ ಅರ್ಧ. ಆ 1 ವೋಲ್ಟಿನಲ್ಲೇ ಎಚ್‌ಡಿ 650 ಏರುಗಳಲ್ಲಿ 103 ಮುಟ್ಟುತ್ತದೆ, ಸರಾಸರಿ 85ರ ಸುತ್ತ ನಿಲ್ಲುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 2018ರಲ್ಲಿ ಕೂಡಿ ರೂಪಿಸಿದ ಮಾನಕದಂತೆ ದೊಡ್ಡವರಿಗೆ ವಾರಕ್ಕೆ 40 ತಾಸು 80 ಡೆಸಿಬೆಲ್ ಮಿತಿ, ಮಕ್ಕಳಿಗೆ 75. ಮಟ್ಟ 3 ಡೆಸಿಬೆಲ್ ಏರಿದರೆ ಅವಧಿ ಅರ್ಧಕ್ಕೆ ಇಳಿಯಬೇಕು. ಹೀಗಿರುವಾಗ "ಆಂಪ್ ಇಲ್ಲದೆ ಎಚ್‌ಡಿ 650 ಮಾತೇ ಆಡದು" ಎನ್ನುವುದು ಉತ್ಪ್ರೇಕ್ಷೆ. ಮೆಲು ಮಟ್ಟದಲ್ಲಿ ಮುದ್ರಿಸಿದ ಹಳೆಯ ಕಚೇರಿಗಳನ್ನು ಕೇಳುವವರಿಗೆ, ಈಕ್ವಲೈಸರ್ ಬಳಸುವವರಿಗೆ ಅದು ಸಾಲದೆ ಹೋಗುವುದು ನಿಜ. ಈಕ್ವಲೈಸರಿನಲ್ಲಿ ಮಂದ್ರವನ್ನು 6 ಡೆಸಿಬೆಲ್ ಎತ್ತಬೇಕಾದರೆ ಸಂಕೇತ ಒಡೆಯದಿರಲೆಂದು ಮೊದಲು ಒಟ್ಟು ಮಟ್ಟವನ್ನು 6 ಡೆಸಿಬೆಲ್ ತಗ್ಗಿಸಬೇಕಾಗುತ್ತದೆ. ಕಳೆದುಕೊಂಡದ್ದನ್ನು ಆಂಪ್ ತುಂಬಿಕೊಡಬೇಕು. ನನ್ನ ಮಟ್ಟಿಗೆ ಆಂಪ್ ಕೊಳ್ಳಲು ಇರುವ ಕಾರಣಗಳಲ್ಲಿ ತೀರಾ ಪ್ರಾಮಾಣಿಕವಾದದ್ದು ಈ ಈಕ್ವಲೈಸರಿನದು, ಜಾಹೀರಾತುಗಳಲ್ಲಿ ಮಾತ್ರ ಅದು ಕಾಣಿಸುವುದಿಲ್ಲ.

ಆಂಪಿನ ಡಬ್ಬದ ಮೇಲಿನ ವ್ಯಾಟುಗಳನ್ನು ಓದುವಾಗ ಎಷ್ಟು ಓಮ್‌ಗೆ ಎಂದು ನೋಡಬೇಕು. 2 ವೋಲ್ಟ್ ಕೊಡುವ ಆಂಪ್ 32 ಓಮ್‌ಗೆ 125 ಮಿಲಿವ್ಯಾಟ್ ಎಂದು ಬೀಗಬಹುದು. 300 ಓಮ್‌ಗೆ ಅದೇ ಆಂಪ್ ಕೊಡುವುದು 13 ಮಿಲಿವ್ಯಾಟ್. ಎರಡೂ ಸುಳ್ಳಲ್ಲ.

ಮೂಲದ ಇಂಪೀಡೆನ್ಸ್

ಆಂಪಿಗೂ ತನ್ನದೇ ಇಂಪೀಡೆನ್ಸ್ ಇರುತ್ತದೆ. ಅದು ಹೆಡ್‌ಫೋನಿನ ಇಂಪೀಡೆನ್ಸಿನ ಎಂಟನೆಯ ಒಂದು ಭಾಗಕ್ಕಿಂತ ಹೆಚ್ಚಿರಬಾರದು ಎಂಬುದು ಹವ್ಯಾಸಿಗಳು ಪಾಲಿಸುವ ಸರಳ ಸೂತ್ರ: 32 ಓಮ್ ಹೆಡ್‌ಫೋನಿಗೆ ಆಂಪಿನದು 4 ಓಮ್ ದಾಟಬಾರದು. ಕಾರಣ ಇಷ್ಟು. ಡೈನಮಿಕ್ ಹೆಡ್‌ಫೋನಿನ ಇಂಪೀಡೆನ್ಸ್ ಎಲ್ಲ ಸ್ವರಗಳಲ್ಲೂ ಒಂದೇ ಸಮನೆ ಇರುವುದಿಲ್ಲ. ಎಚ್‌ಡಿ 600ರಲ್ಲಿ ಹೆಸರಿಗೆ 300 ಓಮ್, ಆದರೆ 100 ಹರ್ಟ್ಜ್ ಸುತ್ತಮುತ್ತ ಪೊರೆಯ ಸಹಜ ಅನುರಣನದಲ್ಲಿ ಅದು 500ರವರೆಗೆ ಏರುತ್ತದೆ. ಮೂಲದಲ್ಲಿ 120 ಓಮ್ ಇದ್ದರೆ ವೋಲ್ಟೇಜ್ ಹಂಚಿಕೆ ಅಲ್ಲೊಂದು ಬಗೆ, ಉಳಿದೆಡೆ ಇನ್ನೊಂದು ಬಗೆಯಾಗಿ ಮಂದ್ರ ಸುಮಾರು 1 ಡೆಸಿಬೆಲ್ ಉಬ್ಬುತ್ತದೆ. ಇದನ್ನು ಕೆಲವರು ದೋಷ ಎನ್ನುತ್ತಾರೆ, ಕೆಲವರು ಬೆಚ್ಚನೆಯ ಧ್ವನಿ ಎಂದು ಮೆಚ್ಚುತ್ತಾರೆ. ಅಂತರರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗದ 1996ರ ಐಇಸಿ 61938 ಮಾನಕ ಮೂಲದ ಇಂಪೀಡೆನ್ಸಿಗೆ ಶಿಫಾರಸು ಮಾಡಿದ್ದೇ 120 ಓಮ್. ಹಳೆಯ ಸ್ಪೀಕರ್ ಆಂಪುಗಳ ರೂಢಿ ಅದರಲ್ಲಿ ಉಳಿದುಕೊಂಡಿತ್ತು. ಇಂದಿನ ಕಡಿಮೆ ಓಮ್‌ಗಳ ಹೆಡ್‌ಫೋನಿಗೆ ಆ ಶಿಫಾರಸು ಸಲ್ಲದು.

ಬ್ಯಾಲೆನ್ಸ್ಡ್ ಆರ್ಮೇಚರ್ ಎಂಬ ಸೂಕ್ಷ್ಮ ಚಾಲಕಗಳನ್ನು ಹಲವು ಜೋಡಿಸಿದ ಕಿವಿಯೊಳಗಿನ ಇಯರ್‌ಫೋನುಗಳಲ್ಲಿ ಈ ತೊಡಕು ಗಂಭೀರ. ಒಂದು ಸ್ವರದಲ್ಲಿ 5 ಓಮ್, ಇನ್ನೊಂದರಲ್ಲಿ 40 ಓಮ್ ಇರುವ ಇಯರ್‌ಫೋನನ್ನು 10 ಓಮ್‌ನ ಜಾಕಿಗೆ ಸಿಕ್ಕಿಸಿದರೆ ಎರಡರ ನಡುವೆ ಏಳೂವರೆ ಡೆಸಿಬೆಲ್ ವ್ಯತ್ಯಾಸ ಬೀಳುತ್ತದೆ. ಬೇರೆಯದೇ ಇಯರ್‌ಫೋನ್ ಎನ್ನಿಸುವಷ್ಟು. ಇಂಥ ಇಯರ್‌ಫೋನ್ ಇರುವವರಿಗೆ ಬೇಕಾದ್ದು ಶಕ್ತಿಶಾಲಿ ಆಂಪ್ ಅಲ್ಲ. 1 ಓಮ್‌ಗೂ ಕಡಿಮೆ ಇಂಪೀಡೆನ್ಸಿನ, ಸದ್ದಿಲ್ಲದ, ಯುಎಸ್‌ಬಿ ಕಿಂಡಿಗೆ ಸಿಕ್ಕಿಸುವ ಒಂದು ಬೆರಳುದ್ದದ ಆಂಪ್, ಎಂದರೆ ಡಾಂಗಲ್. ಪೊರೆಯ ಮೇಲೆಯೇ ವಾಹಕದ ಪಟ್ಟಿಗಳನ್ನು ಹರಡಿದ ಪ್ಲೇನಾರ್ ಹೆಡ್‌ಫೋನುಗಳ ಇಂಪೀಡೆನ್ಸ್ ಎಲ್ಲ ಸ್ವರಕ್ಕೂ ಸಮನಾಗಿರುವುದರಿಂದ ಅವಕ್ಕೆ ಈ ಕಾಟವಿಲ್ಲ. ಯಮಾಹಾದ 1976ರ ಎಚ್‌ಪಿ-1 ಈ ಬಗೆಯ ಮೊದಲ ಪ್ರಸಿದ್ಧ ಮಾದರಿಗಳಲ್ಲಿ ಒಂದು.

ಗದ್ದಲ ಮತ್ತು ಅರ್ಥಿಂಗ್

ಮೌಸ್ ಸರಿಸಿದಾಗ ಕಿರಿಕಿರಿ, ಡಿಸ್ಕ್ ಓದುವಾಗ ಚಿರ್ ಎನ್ನುವುದು, ಆಟದಲ್ಲಿ ಗ್ರಾಫಿಕ್ಸ್ ಕಾರ್ಡ್ ದುಡಿಯುವಾಗ ಕೀರಲು: ಇವು ಡೆಸ್ಕ್‌ಟಾಪಿನ ಮುಂದಿನ ಜಾಕಿನಲ್ಲಿ ಹೆಚ್ಚು. ಮದರ್‌ಬೋರ್ಡಿನಿಂದ ಮುಂಭಾಗದವರೆಗೆ ಬರುವ ತೆಳು ತಂತಿ ದಾರಿಯುದ್ದಕ್ಕೂ ಗದ್ದಲ ಹೊತ್ತು ತರುತ್ತದೆ. ಮೊದಲ ಪರೀಕ್ಷೆಗೆ ಕಾಸು ಬೇಡ, ಹಿಂದಿನ ಹಸಿರು ಜಾಕಿಗೆ ಬದಲಿಸಿ ನೋಡಬೇಕು. ಅಲ್ಲೂ ಇದ್ದರೆ ಪರಿವರ್ತಕವನ್ನೇ ಕಂಪ್ಯೂಟರಿನ ಹೊರಗೆ ತರುವುದು ಉಪಾಯ. ಗದ್ದಲ ಸೇರಿದ ಸಂಕೇತವನ್ನು ಹೊರಗಿನ ಆಂಪಿಗೆ ಕೊಟ್ಟರೆ ಅದು ಗದ್ದಲವನ್ನೂ ಅಷ್ಟೇ ನಿಷ್ಠೆಯಿಂದ ಹೆಚ್ಚಿಸುತ್ತದೆ.

ಗುಂಯ್ ಎನ್ನುವ 50 ಹರ್ಟ್ಜ್ ಸದ್ದಿನ ಮೂಲ ಬೇರೆ. ಎರಡು ಕಡ್ಡಿಯ ಪ್ಲಗ್ ಇರುವ ಲ್ಯಾಪ್‌ಟಾಪ್ ಚಾರ್ಜರುಗಳಲ್ಲಿ ರೇಡಿಯೋ ಗದ್ದಲ ತಡೆಯಲು ಇಟ್ಟ ಕೆಪ್ಯಾಸಿಟರ್ ಮೂಲಕ ಮನೆಯ ವಿದ್ಯುತ್ತಿನ ಅತಿ ಸಣ್ಣ ಅಂಶ ಯಂತ್ರದ ಮೈಗೆ ಸೋರುತ್ತದೆ. ಲೋಹದ ಮೈಯ ಲ್ಯಾಪ್‌ಟಾಪನ್ನು ಬರಿಗಾಲಿನಲ್ಲಿ ಮುಟ್ಟಿದಾಗ ಜುಮ್ಮೆನ್ನುವುದು ಇದರಿಂದಲೇ. ಮೂರು ಕಡ್ಡಿಯ ಪ್ಲಗ್ ಇದ್ದರೂ ಗೋಡೆಯ ಸಾಕೆಟ್ಟಿನಲ್ಲಿ ಅರ್ಥ್ ತಂತಿ ಇಲ್ಲದಿದ್ದರೆ ಪ್ರಯೋಜನವಿಲ್ಲ; ನಮ್ಮ ಹಳೆಯ ಮನೆಗಳಲ್ಲಿ, ಬಾಡಿಗೆ ಕೋಣೆಗಳಲ್ಲಿ ಮೂರನೆಯ ತೂತು ಅಲಂಕಾರಕ್ಕೆ ಇರುವುದುಂಟು. ಚಾರ್ಜರ್ ಕಿತ್ತಾಗ ಸದ್ದು ನಿಂತರೆ ದೋಷ ಆಂಪಿನದಲ್ಲ, ಎಲೆಕ್ಟ್ರಿಷಿಯನ್ ಕರೆಸುವುದು ಹೊಸ ಆಂಪಿಗಿಂತ ಅಗ್ಗ. ಇದಕ್ಕೆ ವಿರುದ್ಧವಾಗಿ, ಡೆಸ್ಕ್‌ಟಾಪೂ ಆಂಪೂ ಬೇರೆ ಬೇರೆ ಸಾಕೆಟ್ಟುಗಳಲ್ಲಿ ಅರ್ಥ್ ಆಗಿದ್ದು ನಡುವೆ ಸಿಗ್ನಲ್ ತಂತಿಯೂ ಸೇರಿದಾಗ ಅರ್ಥ್ ಒಂದು ಬಳೆಯಾಗಿ ಅದರಲ್ಲಿ ಪ್ರವಾಹ ಹರಿಯುತ್ತದೆ. ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕುವುದು ಮೊದಲ ಮದ್ದು. ಬಗ್ಗದಿದ್ದರೆ ಬೆಳಕಿನ ಮೂಲಕ ಸಂಕೇತ ಸಾಗಿಸುವ ಆಪ್ಟಿಕಲ್ ತಂತಿ; ಅದರಲ್ಲಿ ಲೋಹವೇ ಇಲ್ಲದ ಕಾರಣ ಬಳೆ ತುಂಡಾಗುತ್ತದೆ. ಅರ್ಥ್ ಕಡ್ಡಿಯನ್ನೇ ಮುರಿದು ಗುಂಯ್ ನಿಲ್ಲಿಸುವವರೂ ಇದ್ದಾರೆ. ಅದು ಪ್ರಾಣಕ್ಕೆ ಎರವಾಗುವ ಕೆಲಸ.

ಸಂಗೀತ ಇಲ್ಲದಾಗಲೂ ಕೇಳುವ ಸ್ಸ್ ಎಂಬ ಹಿಸ್ ಆಂಪಿನದೇ. 1 ವೋಲ್ಟಿಗೆ 125 ಡೆಸಿಬೆಲ್ ಕೊಡುವ ಸೂಕ್ಷ್ಮ ಇಯರ್‌ಫೋನಿಗೆ 10 ಮೈಕ್ರೋವೋಲ್ಟ್ ಗದ್ದಲದ ಆಂಪ್ ಜೋಡಿಸಿದರೆ ಹಿಸ್ 25 ಡೆಸಿಬೆಲ್ ಆಗಿ, ರಾತ್ರಿ ಮಲಗುವ ಕೋಣೆಯಲ್ಲಿ ಕೇಳಿಸುತ್ತದೆ. 2 ಮೈಕ್ರೋವೋಲ್ಟಿನ ಆಂಪ್ ಆದರೆ 11ಕ್ಕೆ ಇಳಿದು ಮರೆಯಾಗುತ್ತದೆ. ಇದೇ 10 ಮೈಕ್ರೋವೋಲ್ಟ್ ಎಚ್‌ಡಿ 650ರಲ್ಲಿ 3 ಡೆಸಿಬೆಲ್, ಯಾರ ಕಿವಿಗೂ ಬೀಳದು. ಗೇನ್ (ಸಂಕೇತವನ್ನು ಎಷ್ಟು ಪಟ್ಟು ಏರಿಸಬೇಕೆಂಬ) ಸ್ವಿಚ್ ಇರುವ ಆಂಪಿನಲ್ಲಿ ಸಾಧ್ಯವಾದಷ್ಟು ಕೆಳಗಿನ ಗೇನ್ ಇಡುವುದು ಒಳ್ಳೆಯದು. ಹಿಸ್ ತಗ್ಗುವುದಲ್ಲದೆ, ವಾಲ್ಯೂಮ್ ಗುಂಡಿಯನ್ನು ನಡುಭಾಗದವರೆಗೂ ತಿರುಗಿಸಬಹುದು. ಸಾಮಾನ್ಯ ಗುಂಡಿಗಳಲ್ಲಿ ತಳದ ಭಾಗದಲ್ಲಿ ಎಡಬಲ ಕಿವಿಗಳ ಮಟ್ಟ ಒಂದೇ ಇರುವುದಿಲ್ಲ, ಗಾಯಕಿ ಒಂದು ಪಕ್ಕಕ್ಕೆ ಜರುಗಿ ನಿಂತಂತೆ ಕೇಳುತ್ತದೆ.

ಡ್ಯಾಕ್ ಮತ್ತು ಯುಎಸ್‌ಬಿ

ಕಂಪ್ಯೂಟರಿನಲ್ಲಿರುವುದು ಅಂಕಿಗಳು, ಅವನ್ನು ವೋಲ್ಟೇಜಿನ ಅಲೆಯಾಗಿಸುವ ಪರಿವರ್ತಕಕ್ಕೆ ಡ್ಯಾಕ್ ಎಂದು ಹೆಸರು. ಇಂದು ಕಂಪ್ಯೂಟರಿಗೆಂದು ಮಾರುವ ಆಂಪುಗಳಲ್ಲಿ ಬಹುಪಾಲು ಡ್ಯಾಕನ್ನೂ ಒಳಗೊಂಡ ಒಂದೇ ಡಬ್ಬಿ. ಬಿಡಿಬಿಡಿಯಾಗಿ ಕೊಳ್ಳುವುದರಿಂದ ಧ್ವನಿಗೆ ಲಾಭವಿಲ್ಲ, ಮುಂದೆ ಒಂದನ್ನು ಮಾತ್ರ ಬದಲಿಸುವ ಅನುಕೂಲವಿದೆ. ಬರೀ ಆಂಪ್ ಕೊಂಡವರು ಕಂಪ್ಯೂಟರಿನ ಲೈನ್-ಔಟ್ ಇದ್ದರೆ ಅದನ್ನೇ ಬಳಸಬೇಕು. ಲ್ಯಾಪ್‌ಟಾಪಿನಂತೆ ಹೆಡ್‌ಫೋನ್ ಜಾಕ್ ಒಂದೇ ಇದ್ದರೆ ಕಂಪ್ಯೂಟರಿನ ವಾಲ್ಯೂಮನ್ನು ತುದಿಯ ಹತ್ತಿರ ಇಟ್ಟು ಆಂಪಿನ ಗುಂಡಿಯಿಂದ ಹೊಂದಿಸಿಕೊಳ್ಳಬಹುದು.

ಯುಎಸ್‌ಬಿ ಧ್ವನಿಯ ಮೊದಲ ಮಾನಕ 1998ರದು, ಎರಡನೆಯದು 2006ರದು. ಮೊದಲನೆಯದರ ಸಾಮಾನ್ಯ ಮೇಲ್ಮಿತಿ 24 ಬಿಟ್, 96 ಕಿಲೋಹರ್ಟ್ಜ್. ಸಿಡಿಯ 16 ಬಿಟ್, 44.1 ಕಿಲೋಹರ್ಟ್ಜ್‌ಗೆ ಅದು ಬೇಕಾದಷ್ಟಾಯಿತು. ಎರಡನೆಯ ಮಾನಕವನ್ನು ವಿಂಡೋಸ್ ತಾನಾಗಿ ಗುರುತಿಸತೊಡಗಿದ್ದು 2017ರ ವಿಂಡೋಸ್ 10 ಆವೃತ್ತಿಯಿಂದ. ಅದಕ್ಕೂ ಹಿಂದಿನ ಯಂತ್ರಗಳಿಗೆ ತಯಾರಕರ ಡ್ರೈವರ್ ಹಾಕಬೇಕು. ಮ್ಯಾಕ್ ಮತ್ತು ಲಿನಕ್ಸ್‌ಗಳಲ್ಲಿ ಈ ರಗಳೆ ಮೊದಲಿನಿಂದಲೂ ಕಡಿಮೆ. ಡಬ್ಬದ ಮೇಲೆ 768 ಕಿಲೋಹರ್ಟ್ಜ್ ಎಂದು ದೊಡ್ಡಕ್ಷರದಲ್ಲಿ ಬರೆದಿದ್ದರೆ ಅದನ್ನು ಬಣ್ಣದಷ್ಟೇ ಗಂಭೀರವಾಗಿ ತೆಗೆದುಕೊಳ್ಳಬಹುದು. ಡ್ಯಾಕ್ ಚಿಪ್ಪಿನ ಹೆಸರಿನ ಮೋಹವೂ ಹೀಗೆಯೇ. ಜಪಾನಿನ ನೊಬೆಯೋಕಾದಲ್ಲಿ ಡ್ಯಾಕ್ ಚಿಪ್ಪು ಮಾಡುವ ಎಕೆಎಂ ಕಂಪನಿಯ ಕಾರ್ಖಾನೆಗೆ 2020ರ ಅಕ್ಟೋಬರಿನಲ್ಲಿ ಬೆಂಕಿ ಬಿದ್ದಾಗ ಹಲವು ತಯಾರಕರು ತಮ್ಮ ಮಾದರಿಗಳನ್ನು ಇಎಸ್‌ಎಸ್ ಮುಂತಾದ ಬೇರೆ ಕಂಪನಿಗಳ ಚಿಪ್ಪಿಗೆ ಬದಲಿಸಿಕೊಂಡರು. ಚಿಪ್ಪಿನ ಸುತ್ತಲಿನ ಮಂಡಲ, ವಿದ್ಯುತ್ ಪೂರೈಕೆ ಚೆನ್ನಾಗಿದ್ದರೆ ಯಾವ ಕಂಪನಿಯ ಒಳ್ಳೆಯ ಚಿಪ್ಪಾದರೂ ಕಿವಿಯ ಮಿತಿಯನ್ನು ದಾಟಿಯೇ ಇರುತ್ತದೆ.

ಯುಎಸ್‌ಬಿ 2.0 ಕಿಂಡಿಯಿಂದ ಸಿಗುವುದು 5 ವೋಲ್ಟ್, 500 ಮಿಲಿಆಂಪಿಯರ್, ಎಂದರೆ 2.5 ವ್ಯಾಟ್, 3.0ರಲ್ಲಿ 900 ಮಿಲಿಆಂಪಿಯರ್. ಡಾಂಗಲುಗಳು ಇದರಲ್ಲೇ ದಿನ ದೂಡಿ ಸಾಮಾನ್ಯವಾಗಿ 2 ವೋಲ್ಟ್, ಮುಂದೆ ವಿವರಿಸುವ ಬ್ಯಾಲೆನ್ಸ್ಡ್ ಜಾಕಿನಲ್ಲಿ 4 ವೋಲ್ಟ್ ಕೊಡುತ್ತವೆ. ಎಚ್‌ಇ-6ನಂಥವನ್ನು ಸಾಕಲು ಗೋಡೆಯ ವಿದ್ಯುತ್ತಿನ ಮೇಜಿನ ಆಂಪೇ ಬೇಕು.

ಬಗೆಗಳು

ಡಾಂಗಲ್, ಮೇಜಿನ ಮೇಲಿನ ಟ್ರಾನ್ಸಿಸ್ಟರ್ ಆಂಪ್, ವಾಲ್ವ್ ಆಂಪ್, ಎಲೆಕ್ಟ್ರೋಸ್ಟ್ಯಾಟಿಕ್ ಚಾಲಕ ಎಂದು ಸ್ಥೂಲವಾಗಿ ನಾಲ್ಕು. ಲ್ಯಾಪ್‌ಟಾಪ್ ಹೊತ್ತು ತಿರುಗುವವರಿಗೆ ಮೊದಲನೆಯದು, ಡೆಸ್ಕಿನಲ್ಲಿ ದೊಡ್ಡ ಹೆಡ್‌ಫೋನ್ ಇಟ್ಟುಕೊಂಡವರಿಗೆ ಎರಡನೆಯದು. ಇದಕ್ಕೆ ಹೆಚ್ಚು ಮಾತು ಬೇಡ. ಟ್ರಾನ್ಸ್‌ಫಾರ್ಮರ್ ಇಲ್ಲದ ವಾಲ್ವ್ ಆಂಪುಗಳ ಇಂಪೀಡೆನ್ಸ್ ಹೆಚ್ಚು. 300, 600 ಓಮ್ ಹೆಡ್‌ಫೋನುಗಳ ಜೊತೆ ಅವು ಹೊಂದುತ್ತವೆ, ಕಡಿಮೆ ಓಮ್‌ಗಳ ಜೊತೆ ಮುನಿಸಿಕೊಳ್ಳುತ್ತವೆ. ಅವು ಸೇರಿಸುವ ಹಾರ್ಮೋನಿಕ್ ವಿಕೃತಿ ಕೆಲವರಿಗೆ ಪ್ರಿಯ. ರುಚಿಯ ಪ್ರಶ್ನೆ ಅದು, ನಿಷ್ಠೆಯದಲ್ಲ. ಬೇಸಿಗೆಯ ಕಲಬುರಗಿಯಲ್ಲಿ ಮೇಜಿನ ಮೇಲೆ ಇನ್ನೊಂದು ಕಾಯುವ ವಸ್ತು ಬೇಕೇ ಎಂಬುದನ್ನು ಕೊಳ್ಳುವವರೇ ತೀರ್ಮಾನಿಸಬೇಕು. ಎಲೆಕ್ಟ್ರೋಸ್ಟ್ಯಾಟಿಕ್ ಲೋಕ ಪ್ರತ್ಯೇಕ: ಜಪಾನಿನ ಸ್ಟ್ಯಾಕ್ಸ್ 1960ರಲ್ಲಿ ಎಸ್‌ಆರ್-1ನಿಂದ ಆರಂಭಿಸಿದ ಈ ಬಗೆಯಲ್ಲಿ ಅತಿತೆಳು ಪೊರೆಗೆ ನೂರಾರು ವೋಲ್ಟ್, ಅದರ ಇಂದಿನ ಮಾದರಿಗಳಲ್ಲಿ 580 ವೋಲ್ಟ್, ನಿರಂತರ ಊಡಬೇಕು. ಸಾಮಾನ್ಯ ಆಂಪಿಗೆ ಅವನ್ನು ಸಿಕ್ಕಿಸಲೂ ಆಗದು.

ಬ್ಯಾಲೆನ್ಸ್ಡ್ ಜೋಡಣೆಯಲ್ಲಿ ಪ್ರತಿ ಕಿವಿಗೂ ಎರಡು ಆಂಪುಗಳು ಎದುರುಬದುರಾಗಿ ದುಡಿಯುತ್ತವೆ, ವೋಲ್ಟೇಜ್ ಇಮ್ಮಡಿಯಾಗುತ್ತದೆ. ವೋಲ್ಟ್ ಸಾಲದ ಡಾಂಗಲಿನಲ್ಲಿ ಇದು ಉಪಯುಕ್ತ, 2015ರಲ್ಲಿ ಜಪಾನಿನಲ್ಲಿ ಮಾನಕವಾದ 4.4 ಮಿಲಿಮೀಟರ್ ಜಾಕ್ ಇದಕ್ಕೆ ಹೆಚ್ಚಾಗಿ ಬಳಕೆಯಲ್ಲಿದೆ. ಸಾಕಷ್ಟು ಶಕ್ತಿಯಿರುವ ಮೇಜಿನ ಆಂಪಿನಲ್ಲಿ ಇದರಿಂದ ಕಿವಿಗೆ ಗೊತ್ತಾಗುವ ಬದಲಾವಣೆ ಸಾಮಾನ್ಯವಾಗಿ ಇರದು. ಸಾಮಾನ್ಯ ಪ್ಲಗ್ಗಿನ ತಂತಿಯನ್ನು ಯಾವುದೋ ಅಡಾಪ್ಟರ್ ಹಾಕಿ ಬ್ಯಾಲೆನ್ಸ್ಡ್ ಜಾಕಿಗೆ ಸಿಕ್ಕಿಸಿದರೆ ಆಂಪಿನ ಎರಡು ಔಟ್‌ಪುಟ್ ಪರಸ್ಪರ ತಗುಲಿ ಸುಟ್ಟುಹೋಗಬಹುದು.

ಕೊಳ್ಳುವ ಮೊದಲು

ಎರಡು ಆಂಪುಗಳನ್ನು ಹೋಲಿಸುವಾಗ ಮಟ್ಟ ಸಮನಾಗಿರಬೇಕು. ತುಸು ಜೋರಾದದ್ದೇ ಕಿವಿಗೆ ಸ್ಪಷ್ಟ, ವಿಶಾಲ, ಉತ್ತಮ ಎನ್ನಿಸುತ್ತದೆ. ಅರ್ಧ ಡೆಸಿಬೆಲ್ ಸಾಕು ತೀರ್ಪು ಕೆಡಲು. ಅಂಗಡಿಯಲ್ಲಿ ಗುಂಡಿ ತಿರುಗಿಸಿ ಕೇಳಿಸುವ ಹೋಲಿಕೆಗೆ ಬೆಲೆಯಿಲ್ಲ. ಮಲ್ಟಿಮೀಟರಿನಲ್ಲಿ ಮಟ್ಟ ಸರಿಹೊಂದಿಸಿ, ಯಾವುದು ಎಂದು ತಿಳಿಯದಂತೆ ಕೇಳಿದಾಗ, ಮೇಲೆ ಹೇಳಿದ ಮೂರು ಕಾರಣಗಳಿಲ್ಲದ ಕಡೆ ಒಳ್ಳೆಯ ಆಂಪುಗಳ ನಡುವಿನ ಭೇದ ಬಹುತೇಕ ಕರಗಿಹೋಗುತ್ತದೆ.

ಕಚೇರಿಯ ಸಭೆ, ಆನ್‌ಲೈನ್ ಪಾಠಕ್ಕೆ ಮೈಕ್ ಇರುವ ಹೆಡ್‌ಸೆಟ್ ಬಳಸುವವರು ಗಮನಿಸಬೇಕಾದ್ದು ಬೇರೆ. ಸಂಗೀತದ ಆಂಪುಗಳಲ್ಲಿ ಬಹಳಷ್ಟಕ್ಕೆ ಮೈಕ್ ಒಳಬರುವ ದಾರಿಯೇ ಇಲ್ಲ. ನಾಲ್ಕು ಪಟ್ಟಿಯ ಪ್ಲಗ್ಗನ್ನು ಒಂದು ವೈ-ತಂತಿಯಿಂದ ಎರಡಾಗಿ ಸೀಳಿ, ಕೇಳುವ ಭಾಗವನ್ನು ಆಂಪಿಗೂ ಮೈಕಿನ ಭಾಗವನ್ನು ಕಂಪ್ಯೂಟರಿಗೂ ಕೊಡಬಹುದು, ಆದರೆ ಇದೇ ಜೋಡಣೆ ಮೊದಲೇ ಹೇಳಿದ ಅರ್ಥ್ ಬಳೆಗೆ ದಾರಿ ಮಾಡುತ್ತದೆ. ಮೈಕ್ ಒಳಗೊಂಡ ಯುಎಸ್‌ಬಿ ಆಂಪ್ ಹುಡುಕುವುದು ಹೆಚ್ಚು ನೆಮ್ಮದಿ. ಬ್ಲೂಟೂತ್ ಹೆಡ್‌ಫೋನಿನೊಳಗೆ ಡ್ಯಾಕೂ ಆಂಪೂ ಬ್ಯಾಟರಿಯೂ ಇರುವುದರಿಂದ ಅದಕ್ಕೆ ಹೊರಗಿನ ಆಂಪಿನಿಂದ ಏನೂ ಆಗಬೇಕಾಗಿಲ್ಲ. ಹೊರಗಿನ ಸದ್ದು ಅಡಗಿಸುವ ಹೆಡ್‌ಫೋನುಗಳಲ್ಲಿ ಹಲವು, ತಂತಿ ಹಾಕಿದಾಗಲೂ ಒಳಗಿನ ಆಂಪಿನ ಮೂಲಕವೇ ಕೇಳಿಸುತ್ತವೆ.

ಕೈಯಾರೆ ಕಟ್ಟಿಕೊಳ್ಳುವ ದಾರಿ ಈಗಲೂ ತೆರೆದಿದೆ. ಸಿಮೋಯ್ ಮತ್ತು ಒ2 ನಕ್ಷೆಗಳಿಗೆ ಬೇಕಾಗುವ ರೆಸಿಸ್ಟರ್, ಕೆಪ್ಯಾಸಿಟರ್, ಜಾಕುಗಳು ಬೆಂಗಳೂರಿನ ಎಸ್.ಪಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಸಿಗುವಂಥವು. 1979ರಲ್ಲಿ ಸಿಗ್ನೆಟಿಕ್ಸ್ ಹೊರತಂದ 5532 ಎಂಬ ಜೋಡಿ ಆಪ್-ಆಂಪ್ ಅಗ್ಗವಾಗಿಯೂ ಶುದ್ಧವಾಗಿಯೂ ಇದ್ದು ಇಂದಿಗೂ ತಯಾರಾಗುತ್ತಿದೆ. ಅದನ್ನು ಈಗ ಮಾಡುವವರಲ್ಲಿ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಒಂದು. 1985ರಲ್ಲಿ ಬೆಂಗಳೂರಿನಲ್ಲಿ ವಿನ್ಯಾಸ ಕೇಂದ್ರ ತೆರೆದ, 2000ದಲ್ಲಿ ಶ್ರವ್ಯ ಚಿಪ್ಪುಗಳಿಗೆ ಹೆಸರಾದ ಬರ್-ಬ್ರೌನ್ ಕಂಪನಿಯನ್ನು ಕೊಂಡುಕೊಂಡ ಸಂಸ್ಥೆ ಅದೇ. ಹಳೆಯ ಆಂಪನ್ನು ಕೈಬದಲು ಕೊಳ್ಳುವಾಗ ಮೊದಲು ನೋಡಬೇಕಾದ್ದು ವಾಲ್ಯೂಮ್ ಗುಂಡಿ ಮತ್ತು ಜಾಕ್. ಗುಂಡಿ ತಿರುಗಿಸಿದಾಗ ಕರಕರ ಎಂದರೆ ಒಳಗಿನ ಪಟ್ಟಿ ಸವೆದಿದೆ ಅಥವಾ ಧೂಳು ಕೂತಿದೆ, ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿದರೆ ಹಲವು ಸಲ ಸರಿಹೋಗುತ್ತದೆ. ಪ್ಲಗ್ ಅಲುಗಿಸಿದಾಗ ಒಂದು ಕಿವಿ ಹೋಗಿಬಂದು ಮಾಡಿದರೆ ಜಾಕಿನ ಬೆಸುಗೆ ಬಿಟ್ಟಿರುತ್ತದೆ, ಮೊಬೈಲ್ ರಿಪೇರಿ ಮಾಡುವವರೂ ಅದನ್ನು ಮರುಬೆಸೆದು ಕೊಡಬಲ್ಲರು.